ಮಲಪ್ರಭೆಯ ದಂಡೆಗುಂಟ ಬಿಸಿಲಿನ ಅಳತೆ

ಕಿತ್ತೂರಿನಿಂದ ಬೈಲಹೊಂಗಲ, ಅಲ್ಲಿಂದ ಸವದತ್ತಿ, ಕಡೆಗೆ ರಾಮದುರ್ಗ. ಏಪ್ರಿಲ್ ತಿಂಗಳಲ್ಲಿ ಈ ದಾರಿ ಹಿಡಿದವರಿಗೆ ಪೂರ್ವಕ್ಕೆ ಸಾಗುತ್ತಿದ್ದೇವೆಂಬುದನ್ನು ಮೈಯೇ ಹೇಳುತ್ತದೆ. ಕಿತ್ತೂರಿನಲ್ಲಿ ಬೆಳಗಿನ ಹೊತ್ತು ಇನ್ನೂ ಘಟ್ಟದ ಕಡೆಯ ತಂಪು ಗಾಳಿ ಸುಳಿಯುತ್ತಿರುತ್ತದೆ. ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಎರೆಹೊಲಗಳು ಬಿರುಕು ಬಿಟ್ಟು ನಿಂತಿರುತ್ತವೆ. ಸವದತ್ತಿಯ ಗುಡ್ಡದ ಕಲ್ಲು ಮಧ್ಯಾಹ್ನ ಕಾದರೆ ರಾತ್ರಿಯಾದರೂ ಆರುವುದಿಲ್ಲ. ರಾಮದುರ್ಗದಲ್ಲಿ ಹನ್ನೆರಡು ಹೊಡೆದ ಮೇಲೆ ಅಂಗಡಿಕಾರರು ಪರದೆ ಇಳಿಬಿಟ್ಟು ಒಳಗೆ ಸರಿಯುತ್ತಾರೆ. ಮಲಪ್ರಭೆಯೂ ಇದೇ ದಿಕ್ಕಿಗೆ ಹರಿಯುತ್ತಾಳೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಮಳೆ ಜಡಿಹಿಡಿಯುವ ಕಾಡಿನಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿಗಳನ್ನು ಹಾದು, ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಮುನವಳ್ಳಿಯನ್ನು ದಾಟಿ, ರಾಮದುರ್ಗದ ಮಗ್ಗುಲಿನಿಂದ ಕೂಡಲಸಂಗಮದ ಕಡೆ ಹೋಗುತ್ತಾಳೆ.

ನಾನು ಹೊರಟದ್ದು ಈ ಬಿಸಿಲು ದನಕರುಗಳ, ಕುರಿಮೇಕೆಗಳ, ಹೊಲದಲ್ಲಿ ದುಡಿಯುವವರ ರಕ್ತದಲ್ಲಿ ಬಿಟ್ಟುಹೋಗುವ ಗುರುತಿನ ಬೆನ್ನುಹತ್ತಿ. ಆ ಗುರುತಿಗೆ ಹೀಟ್ ಶಾಕ್ ಪ್ರೋಟೀನ್ 70 ಎಂದು ಹೆಸರು. ಲ್ಯಾಬಿನವರ ಬಾಯಲ್ಲಿ ಎಚ್‌ಎಸ್‌ಪಿ 70. ಅದನ್ನು ಅಳೆಯುವ ಎಲೈಸಾ ಕಿಟ್ಟುಗಳು ಇವತ್ತು ಪೆಟ್ಟಿಗೆಯಲ್ಲಿ ಮಾರಾಟಕ್ಕೆ ಸಿಗುತ್ತವೆ. ಬೆಂಗಳೂರಿನ, ಕರ್ನಾಲಿನ ಸಂಶೋಧಕರು ಈ ಪ್ರೋಟೀನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಬಿಸಿಲು ನಿಜವಾಗಿ ಬೀಳುವ ಈ ಒಣನೆಲಕ್ಕೆ ಆ ಅಳತೆ ಬರಬೇಕೆಂಬುದು ನನ್ನ ಹಂಬಲ. ಬಂದರೆ ಎಲ್ಲಿ ಸಲೀಸು, ಎಲ್ಲಿ ತೊಡಕು ಎಂದು ಊರೂರು ನೋಡುತ್ತ ಹೋದೆ.

ಕಿತ್ತೂರು ಬೆಳಗಾವಿ–ಧಾರವಾಡ ಹೆದ್ದಾರಿಯ ಮಗ್ಗುಲಿಗೇ ಇದೆ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ನೆಲವನ್ನು ನೋಡಲು ಬಂದವರು ಕೋಟೆಯೊಳಗೆ ಒಂದು ಸುತ್ತು ಹಾಕಿ ಹೋಗುತ್ತಾರೆ. ಬೈಲಹೊಂಗಲದಿಂದ ಬೇರೆಯಾಗಿ ಈಗ ಇದೇ ಒಂದು ತಾಲೂಕು. ನಾನು ಕೋಟೆಯಿಂದಿಳಿದು ನೀರಿರುವ ಕಡೆ ನಡೆದೆ. ಹತ್ತು ಗಂಟೆಗೇ ಎಮ್ಮೆಗಳು ಕೊರಳಮಟ್ಟ ನೀರಿನಲ್ಲಿದ್ದವು. ದಂಡೆಯ ಮೇಲೆ ಸೆರಗು ತಲೆಗೆಳೆದುಕೊಂಡು ಕುಳಿತಿದ್ದ ಅವ್ವನನ್ನು ಮಾತಾಡಿಸಿದೆ.

"ಹೊತ್ತ ಏರೂದ್ರಾಗ ನೀರಿಗೆ ಬಿಡಬೇಕ್ರಿ. ಬಿಡಲಿಲ್ಲಂದ್ರ ತೇಕಲಿಕ್ಕೆ ಹತ್ತತಾವ. ಸಂಜಿಕೆ ಹಾಲೂ ಕಡಿಮಿ ಆಕ್ಕೈತಿ."

"ಮೈ ಕಾದದ್ದು ಹೆಂಗ ಗೊತ್ತಾಕ್ಕೈತ್ರಿ ಅವ್ವಾರ?"

"ಕಿವಿ ಬುಡಕ ಕೈ ಇಟ್ರ ಗೊತ್ತಾಗೂದಿಲ್ಲೇನ್ರಿ?"

ಅವರ ಎಮ್ಮೆಗಳ ಕೋಡು ಅರ್ಧಚಂದ್ರದಂತೆ ಹಿಂದಕ್ಕೆ ಬಾಗಿದ್ದವು. ಧಾರವಾಡ, ಬೆಳಗಾವಿ, ಬಾಗಲಕೋಟೆ ಸೀಮೆಯ ಈ ಎಮ್ಮೆಗೆ 'ಧಾರವಾಡಿ' ಎಂದು ತಳಿಯ ಹೆಸರಿನಲ್ಲಿ ರಾಷ್ಟ್ರಮಟ್ಟದ ನೋಂದಣಿ ಸಿಕ್ಕಿದ್ದು 2021ರಲ್ಲಿ. ಹಾಲು ಕಮ್ಮಿಯಾದರೂ ಗಟ್ಟಿ. ಧಾರವಾಡ ಫೇಡೆಯ ರುಚಿಯ ಹಿಂದೆ ಇದೇ ಹಾಲಿದೆ. ಆದರೆ ಎಮ್ಮೆ ಯಾವ ತಳಿಯದಾದರೂ ಬಿಸಿಲಿಗೆ ಬೇಗ ಸೋಲುತ್ತದೆ. ಕಪ್ಪು ಚರ್ಮ ಬಿಸಿಲನ್ನು ಹೀರುತ್ತದೆ. ಆ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಆಕಳಿಗಿಂತ ವಿರಳ. ಬೆವರಿ ತಣಿಯಲಾಗದ ಮೈ ನೀರನ್ನು ಹುಡುಕಿ ಹೋಗುತ್ತದೆ. ಮಿಶ್ರತಳಿಯ ಎಚ್‌ಎಫ್ ಆಕಳುಗಳದ್ದು ಇನ್ನೊಂದು ಬಗೆಯ ಕಷ್ಟ. ಗಾಳಿಯ ಉಷ್ಣತೆ ಮತ್ತು ತೇವಾಂಶ ಎರಡನ್ನೂ ಕೂಡಿಸಿ ಪಶುವಿಜ್ಞಾನಿಗಳು ಒಂದು ಸೂಚ್ಯಂಕ ಲೆಕ್ಕ ಹಾಕುತ್ತಾರೆ. ಅದು 72 ದಾಟಿದಲ್ಲಿಂದಲೇ ಹಾಲಿನ ಆಕಳಿಗೆ ತಾಪದ ಒತ್ತಡ ಶುರುವಾಗುತ್ತದೆಂದು ಬಹುಕಾಲದಿಂದ ಎಣಿಸಿಕೊಂಡು ಬಂದಿದ್ದಾರೆ. ನಮ್ಮ ಬೇಸಿಗೆಯಲ್ಲಿ ಆ ಗೆರೆಯನ್ನು ಬೆಳಿಗ್ಗೆಯೇ ದಾಟಿಬಿಟ್ಟಿರುತ್ತೇವೆ.

ಅವ್ವ ಕಿವಿಯ ಬುಡದಲ್ಲಿ ಕೈಯಿಟ್ಟು ತಿಳಿದದ್ದು ಮೈಯ ಮೇಲಿನ ಕಾವು. ಒಳಗೆ ಜೀವಕೋಶದಲ್ಲಿ ನಡೆಯುವುದು ಬೇರೆ. ಅಲ್ಲಿರುವ ಸಾವಿರಾರು ಬಗೆಯ ಪ್ರೋಟೀನುಗಳು ತಮ್ಮ ತಮ್ಮ ಮಡಿಕೆಯಲ್ಲಿ ಮಡಿಚಿಕೊಂಡಿದ್ದರಷ್ಟೇ ಕೆಲಸ ಮಾಡುತ್ತವೆ. ಕಾವು ಹೆಚ್ಚಾದರೆ ಮಡಿಕೆ ಬಿಚ್ಚಿ, ಒಂದಕ್ಕೊಂದು ಅಂಟಿ ಗಂಟು ಬೀಳುತ್ತವೆ. ಆಗ ಕೋಶ ಎಚ್‌ಎಸ್‌ಪಿ 70 ಅನ್ನು ಭರದಿಂದ ತಯಾರಿಸತೊಡಗುತ್ತದೆ. ರಾಮದುರ್ಗದ ಕಡೆಯ ಸುರೇಬಾನದ ಮಗ್ಗದ ಮುಂದೆ ಹರಿದ ಎಳೆ ಹುಡುಕಿ ಗಂಟು ಹಾಕುತ್ತ, ತೊಡಕು ಬಿಡಿಸುತ್ತ ಕೂತ ಕೈಗಳಂತೆ ಅದರ ಕೆಲಸ. ಬಿಚ್ಚಿದ ಪ್ರೋಟೀನನ್ನು ಹಿಡಿದು ಅಂಟಿಕೊಳ್ಳದಂತೆ ತಡೆಯುತ್ತದೆ. ಮತ್ತೆ ಸರಿಯಾಗಿ ಮಡಿಚಿಕೊಳ್ಳಲು ಅವಕಾಶ ಕೊಡುತ್ತದೆ. ಸರಿಯಾಗದ್ದನ್ನು ಒಡೆದುಹಾಕಲು ಮುಂದಕ್ಕೆ ಕಳಿಸುತ್ತದೆ.

ಇದು ಬೆಳಕಿಗೆ ಬಂದದ್ದು ಹಣ್ಣಿನ ನೊಣದಲ್ಲಿ. ಇಟಲಿಯ ಫೆರೂಚಿಯೊ ರಿತೋಸಾ ನೊಣದ ಮರಿಹುಳುಗಳ ಜೊಲ್ಲುಗ್ರಂಥಿಯ ವರ್ಣತಂತುಗಳನ್ನು ನೋಡುತ್ತಿದ್ದರು. ಲ್ಯಾಬಿನಲ್ಲಿ ಯಾರೋ ಇನ್‌ಕ್ಯುಬೇಟರಿನ ಉಷ್ಣತೆ ಏರಿಸಿಬಿಟ್ಟಿದ್ದರು. ವರ್ಣತಂತುಗಳ ಮೇಲೆ ಎಂದೂ ಕಾಣದ ಜಾಗಗಳಲ್ಲಿ ಉಬ್ಬುಗಳು ಎದ್ದಿದ್ದವು. ಉಬ್ಬಿದಲ್ಲಿ ಜೀನು ಎಚ್ಚೆತ್ತು ಕೆಲಸಕ್ಕೆ ಇಳಿದಿದೆ ಎಂದರ್ಥ. ಅವರ ಬರಹ 1962ರಲ್ಲಿ ಅಚ್ಚಾಯಿತು. ಆ ಜೀನುಗಳು ಹುಟ್ಟಿಸುವ ಪ್ರೋಟೀನುಗಳನ್ನು ಆಲ್ಫ್ರೆಡ್ ಟಿಸಿಯೇ ಮತ್ತು ಜೊತೆಗಾರರು ತೋರಿಸಿದ್ದು 1974ರಲ್ಲಿ. ಹೆಸರಿನ ಮುಂದಿನ 70 ಎಂಬುದು ಅಣುವಿನ ತೂಕ, ಸುಮಾರು 70 ಕಿಲೋಡಾಲ್ಟನ್. ನೊಣದಲ್ಲಿ ಕಂಡದ್ದು ಎಮ್ಮೆಯಲ್ಲೂ ಇದೆ, ಜೋಳದ ಗಿಡದಲ್ಲೂ ಇದೆ, ನಮ್ಮ ಕರುಳಿನ ಬ್ಯಾಕ್ಟೀರಿಯಾದಲ್ಲೂ ಇದೆ. ಬ್ಯಾಕ್ಟೀರಿಯಾದ ಈ ಪ್ರೋಟೀನಿನ ಅಮೈನೊ ಆಮ್ಲಗಳ ಸಾಲು ಮನುಷ್ಯನದರೊಂದಿಗೆ ಹೆಚ್ಚುಕಡಿಮೆ ಅರ್ಧದಷ್ಟು ಹೊಂದುತ್ತದೆ. ಜೀವ ಹುಟ್ಟಿದ ಕಾಲದಿಂದ ಬಿಸಿಲಿಗೆ ಹೂಡಿದ ಉಪಾಯ ಒಂದೇ ಎಂಬುದು ನನ್ನನ್ನು ಪ್ರತಿಸಲ ಬೆರಗುಗೊಳಿಸುತ್ತದೆ.

ಬೈಲಹೊಂಗಲದ ಪೇಟೆಗೆ ಹತ್ತಿಯ ನೆನಪು ಗಾಢವಾಗಿದೆ. ಕಿತ್ತೂರಿನ ರಾಣಿ ಚನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ; ಸಮಾಧಿ ಊರೊಳಗೇ ಇದೆ. ಪಕ್ಕದ ಬೀದಿಗಳಲ್ಲಿ ಔಷಧ ಅಂಗಡಿ, ದವಾಖಾನೆ, ಅವುಗಳ ಮಗ್ಗುಲಿಗೆ ರಕ್ತ ತಪಾಸಣೆಯ ಲ್ಯಾಬು. ಒಂದು ಲ್ಯಾಬಿನ ಮೇಜಿನ ಮೇಲೆ ಡೆಂಗಿ ತಪಾಸಣೆಯ ಕಾರ್ಡುಗಳು ಸಾಲಾಗಿದ್ದವು. ಬೆರಳುದ್ದದ ಪ್ಲಾಸ್ಟಿಕ್ ತುಂಡು, ಅದರಲ್ಲೊಂದು ಕಿಂಡಿ. ರಕ್ತದ ಸೀರಂ ಎರಡು ಹನಿ ಬಿಟ್ಟು, ಮೇಲೆ ದ್ರಾವಣ ಹಾಕಿ ಕಾದರೆ ಗೆರೆ ಮೂಡುತ್ತದೆ. ಒಂದೇ ಗೆರೆ ಬಂದರೆ ರೋಗವಿಲ್ಲ, ಎರಡಾದರೆ ಇದೆ.

ಕಿಟ್ಟು ಎಂದರೆ ಈ ಸೀಮೆಗೆ ಹೊಸದೇನಲ್ಲ. ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಗರ್ಭಪರೀಕ್ಷೆಯ ಪಟ್ಟಿ, ತಾಲೂಕು ಆಸ್ಪತ್ರೆಯ ಎಚ್‌ಐವಿ ಆಪ್ತಸಮಾಲೋಚನಾ ಕೇಂದ್ರದ ತಪಾಸಣೆ, ಈ ಡೆಂಗಿ ಕಾರ್ಡು, ಎಲ್ಲವೂ ಒಂದೇ ಕುಲದವು. ಪ್ರತಿಕಾಯ ಎಂಬ ಅಣು ತಾನು ಹುಡುಕುವುದನ್ನು ಮಾತ್ರ ಗುರುತಿಸಿ ಹಿಡಿಯುತ್ತದೆ. ಹಿಡಿದದ್ದನ್ನು ಬಣ್ಣದಲ್ಲಿ ತೋರಿಸುವುದೇ ಇವುಗಳ ತಂತ್ರ. ಆದರೆ ಕಾರ್ಡು ಹೇಳುವುದು ಇದೆ ಅಥವಾ ಇಲ್ಲ ಎಂದಷ್ಟೇ. ಎಷ್ಟಿದೆ ಎಂದು ತಿಳಿಯಬೇಕಾದರೆ ಎಲೈಸಾ ಬೇಕು. ಡೆಂಗಿಯಲ್ಲೂ ಸರಕಾರ ಲೆಕ್ಕಕ್ಕೆ ಹಿಡಿಯುವುದು ಕಾರ್ಡಿನ ಗೆರೆಯನ್ನಲ್ಲ, ಎಲೈಸಾದ ಫಲಿತಾಂಶವನ್ನು. ಡೆಂಗಿಯ ಐಜಿಎಂ ಎಂಬ ಪ್ರತಿಕಾಯವನ್ನು ಹುಡುಕುವ ಕಿಟ್ಟುಗಳು ಸರಕಾರಿ ಲ್ಯಾಬುಗಳಿಗೆ ಬರುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ.

ಎಲೈಸಾ ನಡೆಯುವುದನ್ನು ಹತ್ತಿರದಿಂದ ನೋಡಲು ಬೆಳಗಾವಿಗೆ ಹೋಗಬೇಕು. ಅಲ್ಲಿನ ವೈದ್ಯಕೀಯ ಕಾಲೇಜೊಂದರ ಲ್ಯಾಬಿನಲ್ಲಿ ನಿಂತು ನೋಡಿದೆ. ಅಂಗೈಯಗಲದ ತೆಳು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡು ಕುಳಿ, ಒಟ್ಟು 96. ಪ್ರತಿ ಕುಳಿಯ ತಳಕ್ಕೆ ಪ್ರತಿಕಾಯವನ್ನು ಮೊದಲೇ ಅಂಟಿಸಿರುತ್ತಾರೆ. ಎಚ್‌ಎಸ್‌ಪಿ 70ರ ಕಿಟ್ಟಿನಲ್ಲೂ ನಡೆಯುವುದು ಇದೇ. ಸೀರಂ ಹಾಕಿದರೆ ಅದರಲ್ಲಿರುವ ಎಚ್‌ಎಸ್‌ಪಿ 70 ತಳದ ಪ್ರತಿಕಾಯಕ್ಕೆ ಸಿಕ್ಕಿಬೀಳುತ್ತದೆ. ಮಿಕ್ಕದ್ದನ್ನೆಲ್ಲ ತೊಳೆದು ಚೆಲ್ಲುತ್ತಾರೆ. ಆಮೇಲೆ ಎರಡನೆಯ ಪ್ರತಿಕಾಯ ಹಾಕುತ್ತಾರೆ. ಅದು ಸಿಕ್ಕಿಬಿದ್ದ ಪ್ರೋಟೀನಿನ ಇನ್ನೊಂದು ಕಡೆ ಹಿಡಿಯುತ್ತದೆ. ಈ ಎರಡನೆಯದಕ್ಕೆ ಒಂದು ಕಿಣ್ವವನ್ನು ಜೋಡಿಸಿರುತ್ತಾರೆ. ಮತ್ತೆ ತೊಳೆಯುತ್ತಾರೆ. ತೊಳೆಯುವುದರಲ್ಲೇ ಅರ್ಧ ಕೆಲಸ ಇದೆ ಎಂದರು ಅಲ್ಲಿದ್ದ ತಂತ್ರಜ್ಞೆ. ಪ್ರತಿ ತೊಳೆತಕ್ಕೂ ತಟ್ಟೆಯನ್ನು ಬೋರಲು ಮಾಡಿ ಟಿಶ್ಯೂ ಕಾಗದದ ಮೇಲೆ ಪಟಪಟನೆ ಬಡಿಯುತ್ತಿದ್ದರು. ಒಂದು ಕುಳಿಯಲ್ಲಿ ಹನಿ ಉಳಿದರೂ ಆ ಕುಳಿಯ ಲೆಕ್ಕ ಕೆಟ್ಟಂತೆ.

ಕಡೆಗೆ ಬಣ್ಣದ ದ್ರಾವಣ. ನೀರಿನಂತಿದ್ದ ಕುಳಿಗಳಲ್ಲಿ ನೋಡನೋಡುತ್ತ ನೀಲಿ ಏರಿತು. ಮೊದಲ ಸಾಲಿನ ಮೊದಲ ಕುಳಿಯಲ್ಲಿ ದಟ್ಟ ನೀಲಿ, ಮುಂದಕ್ಕೆ ತೆಳುವಾಗುತ್ತ ಕೊನೆಯದರಲ್ಲಿ ಬಣ್ಣವೇ ಇಲ್ಲ. ಅದು ಪ್ರಮಾಣ ಗೊತ್ತಿರುವ ಮಾದರಿಗಳ ಸಾಲು; ಒಂದಕ್ಕಿಂತ ಮುಂದಿನದು ಅರ್ಧದಷ್ಟು ತೆಳು. ತಂತ್ರಜ್ಞೆ ಆಮ್ಲದ ಹನಿ ಬಿಡುತ್ತ ಹೋದಂತೆ ಒಂದೊಂದೇ ಕುಳಿ ನೀಲಿಯಿಂದ ಹಳದಿಗೆ ತಿರುಗಿತು. ತಟ್ಟೆಯನ್ನು ಯಂತ್ರದೊಳಗೆ ಇಟ್ಟರು. ಹಳದಿಯ ಆಳವನ್ನು ಯಂತ್ರ 450 ನ್ಯಾನೋಮೀಟರ್ ಅಲೆಯ ಬೆಳಕಿನಲ್ಲಿ ಓದಿತು. ಪ್ರಮಾಣ ಗೊತ್ತಿರುವ ಸಾಲಿನಿಂದ ಗೆರೆ ಎಳೆದು, ಗೊತ್ತಿರದ ಸೀರಂಗಳನ್ನು ಆ ಗೆರೆಯ ಮೇಲಿಟ್ಟು ಸಂಖ್ಯೆ ತೆಗೆಯುತ್ತಾರೆ. ಸ್ಟಾಕ್‌ಹೋಮಿನಲ್ಲಿ ಎಂಗ್ವಾಲ್ ಮತ್ತು ಪರ್ಲ್‌ಮನ್, ನೆದರ್‌ಲ್ಯಾಂಡ್ಸ್‌ನಲ್ಲಿ ವಾನ್ ವೀಮೆನ್ ಮತ್ತು ಸ್ಕೂರ್ಸ್ ಬೇರೆಬೇರೆಯಾಗಿ ಈ ವಿಧಾನವನ್ನು 1971ರಲ್ಲಿ ಹೊರತಂದರು. ಅದಕ್ಕೂ ಮುಂಚೆ ಇಂಥ ಅಳತೆಗೆ ವಿಕಿರಣ ಸೂಸುವ ಅಯೋಡಿನ್ ಬೇಕಿತ್ತು. ಆ ದಾರಿ ತೆರೆದವರು ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂತು. ವಿಕಿರಣದ ಜಾಗಕ್ಕೆ ಕಿಣ್ವ ಬಂದದ್ದರಿಂದಲೇ ಈ ಅಳತೆ ಜಿಲ್ಲೆಗಳವರೆಗೆ ಇಳಿಯಿತು.

ಎಚ್‌ಎಸ್‌ಪಿ 70ರ ಕಿಟ್ಟಿನ ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ಒಂದು ಒಕ್ಕಣೆ ಇರುತ್ತದೆ: ಸಂಶೋಧನೆಗೆ ಮಾತ್ರ, ರೋಗನಿರ್ಣಯಕ್ಕಲ್ಲ. ಒಂದು ತಟ್ಟೆಯ ಪೆಟ್ಟಿಗೆಗೆ ಹತ್ತಾರು ಸಾವಿರ ರೂಪಾಯಿ. ಒಕ್ಕಣೆಯನ್ನು ದೊಡ್ಡ ಅಕ್ಷರದಲ್ಲಿ ಓದಿಕೊಳ್ಳಬೇಕು ಎನ್ನುತ್ತೇನೆ. ರಕ್ತದ ಒಂದು ಸಂಖ್ಯೆ ತೋರಿಸಿ ಇಷ್ಟು ಒತ್ತಡ ಇದೆ ಎಂದು ರೈತನಿಗೋ ರೋಗಿಗೋ ಚೀಟಿ ಬರೆದುಕೊಡುವ ಕಾಲ ಇನ್ನೂ ಬಂದಿಲ್ಲ. ಏಕೆ ಬಂದಿಲ್ಲ ಎಂಬುದು ಸವದತ್ತಿಯ ದಾರಿಯಲ್ಲಿ ಸರಿಯಾಗಿ ತಿಳಿಯುತ್ತದೆ.

ಬೈಲಹೊಂಗಲ ದಾಟಿ ಪೂರ್ವಕ್ಕೆ ಸಾಗಿದಂತೆ ಮರಗಳ ನಡುವಿನ ಅಂತರ ಹೆಚ್ಚುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ. ಚಕ್ಕಡಿ ಕಟ್ಟಿಕೊಂಡು ಬರುವವರು ಇಂದಿಗೂ ಇದ್ದಾರೆ. ಏಪ್ರಿಲ್‌ನಲ್ಲಿ ಗುಡ್ಡ ಅಷ್ಟು ಕಿಕ್ಕಿರಿದಿರಲಿಲ್ಲ. ಕುಂಕುಮ, ಭಂಡಾರದ ಅಂಗಡಿಗಳ ನೆರಳಿನಲ್ಲಿ ಒಂದು ಜೋಡಿ ಎತ್ತು ಬಾಯಿ ತೆರೆಯದೆ ಮೆಲುಕು ಹಾಕುತ್ತ ಮಲಗಿತ್ತು. ನಾಲ್ಕು ಹೆಜ್ಜೆ ಆಚೆ ಕಟ್ಟಿದ್ದ ಮಿಶ್ರತಳಿಯ ಆಕಳೊಂದು ನಾಲಿಗೆ ಚಾಚಿ ತೇಕುತ್ತಿತ್ತು. ದೇಸಿ ದನ ಬಿಸಿಲನ್ನು ತಾಳುತ್ತದೆಂದು ರೈತರೆಲ್ಲರಿಗೂ ಗೊತ್ತು. ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯವರು ಥಾರ್‌ಪಾರ್ಕರ್ ದನ ಮತ್ತು ಕರಣ್ ಫ್ರೀಸ್ ಎಂಬ ಮಿಶ್ರತಳಿಯನ್ನು ಪಕ್ಕಪಕ್ಕ ಇಟ್ಟು ರಕ್ತದ ಬಿಳಿಕಣಗಳಲ್ಲಿ ಎಚ್‌ಎಸ್‌ಪಿ 70 ನೋಡಿದ್ದೂ ಈ ತಿಳಿವಳಿಕೆಯನ್ನೇ ಕೋಶದೊಳಗೆ ಹುಡುಕುವುದಕ್ಕೆ.

ಸಂಖ್ಯೆಯ ಅರ್ಥ ಇಲ್ಲಿಯೇ ಜಟಿಲವಾಗುತ್ತದೆ. ಎಚ್‌ಎಸ್‌ಪಿ 70 ಏರಿದೆ ಎಂದರೆ ಆ ದನ ಸಂಕಟದಲ್ಲಿದೆ ಎನ್ನಬಹುದು. ಸಂಕಟವನ್ನು ಎದುರಿಸಲು ಚೆನ್ನಾಗಿ ಸಜ್ಜಾಗಿದೆ ಎಂದೂ ಅನ್ನಬಹುದು. ಒಮ್ಮೆ ಹದವಾಗಿ ಕಾದು ಈ ಪ್ರೋಟೀನನ್ನು ಕೂಡಿಟ್ಟುಕೊಂಡ ಕೋಶ ಮುಂದಿನ ಹೆಚ್ಚಿನ ಕಾವಿಗೆ ಸಾಯದೆ ಉಳಿಯುತ್ತದೆಂದು ದಶಕಗಳಿಂದಲೂ ಗೊತ್ತಿದೆ. ಮಾರ್ಚಿನ ಬಿಸಿಲು ಮೇ ತಿಂಗಳ ಬಿಸಿಲಿಗೆ ಮೈಯನ್ನು ಅಣಿಮಾಡುತ್ತದೆ ಎಂದು ಹಿರಿಯರು ಹೇಳುವುದರಲ್ಲಿ ಹುರುಳಿದೆ. ಹೊತ್ತೂ ಮುಖ್ಯ. ಕಾವು ತಾಗಿದೊಡನೆ ಜೀನು ಏಳುತ್ತದೆ, ಪ್ರೋಟೀನು ತುಂಬಿ ಬರಲು ಕೆಲವು ತಾಸು ಹಿಡಿಯುತ್ತದೆ. ಆದ್ದರಿಂದ ಒಂದೇ ದಿನದ, ಒಂದೇ ಹೊತ್ತಿನ ಒಂದು ಸಂಖ್ಯೆ ಏನನ್ನೂ ಹೇಳುವುದಿಲ್ಲ. ಅದೇ ಪ್ರಾಣಿಯ ಬೆಳಗಿನ ಸಂಖ್ಯೆ, ಅದೇ ಪ್ರಾಣಿಯ ಮಳೆಗಾಲದ ಸಂಖ್ಯೆ ಪಕ್ಕದಲ್ಲಿರಬೇಕು.

ಮನುಷ್ಯರಲ್ಲೂ ಹೀಗೆಯೇ. ಆಸ್ಟ್ರೇಲಿಯದಲ್ಲಿ ಓಟದ ಸ್ಪರ್ಧೆಯೊಂದರಲ್ಲಿ ಮೈಕಾವು ಏರಿ ಕುಸಿದವರ ರಕ್ತ ನೋಡಿದಾಗ, ಲಕ್ಷಣಗಳು ಎಷ್ಟು ತೀವ್ರವೋ ಈ ಪ್ರೋಟೀನು ಅಷ್ಟು ಹೆಚ್ಚಿತ್ತೆಂದು 2006ರಲ್ಲಿ ಪ್ರಕಟವಾಯಿತು. ಬಿಸಿಲಿಲ್ಲದೆ ಬರೀ ದುಡಿಮೆಯಿಂದಲೂ ಇದು ರಕ್ತದಲ್ಲಿ ಏರುತ್ತದೆ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಲಿನ ಹೊಲಗಳಲ್ಲಿ ಕಬ್ಬು ಕಡಿಯುವವರಿಗೆ ಬಿಸಿಲೂ ಇದೆ, ದುಡಿಮೆಯೂ ಇದೆ. ಗರಿ ಸುಲಿದು, ಬುಡ ಕಡಿದು, ಹೊರೆ ಕಟ್ಟಿ, ತಲೆಯ ಮೇಲಿಟ್ಟು ಟ್ರ್ಯಾಕ್ಟರ್ ಏರಿಸುವ ಹೆಣ್ಣುಮಗಳ ಮೈಯಲ್ಲಿ ಆ ಹೊತ್ತು ಏನು ನಡೆಯುತ್ತಿದೆ ಎಂದು ಕೇಳಬೇಕಾದವರು ಆಸ್ಟ್ರೇಲಿಯದ ಓಟಗಾರರ ಅಂಕಿಯನ್ನು ತಂದು ಹೊಂದಿಸಿಕೊಂಡರೆ ಆಗದು. ಅವಳದೇ ಅಂಕಿ ಬೇಕು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಬಿಸಿಲಿನ ಕೂಲಿಗೆ ಸಮಯ ಬದಲಿಸಬೇಕು, ನೆರಳು ಕೊಡಬೇಕು, ನೀರು ಕೊಡಬೇಕು ಎನ್ನುವಾಗ ಪುರಾವೆ ಕೇಳುವವರಿಗೆ ಪುರಾವೆ ಇಲ್ಲಿಯ ಮೈಗಳಿಂದಲೇ ಬರಬೇಕು.

ಸವದತ್ತಿಯಿಂದ ಮುಂದೆ ಯರಗಟ್ಟಿ ಕಡೆಯ ಒಳರಸ್ತೆಗಳು ಬೈಕನ್ನು ಕುಲುಕುತ್ತವೆ. ಪಶುವೈದ್ಯರೊಬ್ಬರು ಇದನ್ನೇ ಮೊದಲ ತೊಡಕೆಂದು ಎತ್ತಿ ಹೇಳಿದರು. ಅವರ ಟೇಬಲ್ಲಿನ ಮೇಲಿದ್ದ ಎರಡು ಕೊಳವೆಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಒಂದರಲ್ಲಿ ಮೇಲೆ ನಿಂತ ಸೀರಂ ಹುಲ್ಲಿನ ಹಳದಿ. ಇನ್ನೊಂದರಲ್ಲಿ ಅದು ತೊಳೆದ ಕೆಂಪು. ಹಳ್ಳಿಯಿಂದ ತರುವಾಗ ಕುಲುಕಿ ಕೆಂಪು ರಕ್ತಕಣ ಒಡೆದದ್ದು.

"ನಿಮ್ಮ ಎಚ್‌ಎಸ್‌ಪಿ ಕೆಂಪು ಕಣದೊಳಗೂ ಇರತದ ಅಲ್ರೀ ಸರ? ಈ ಸೀರಂ ಹಾಕಿದ್ರ ಬಿಸಿಲಿಲ್ಲದನ ಸಂಖ್ಯೆ ಮ್ಯಾಲ ಹೋಗತದ. ರಸ್ತೆದ್ದ ಅಳತಿ ಆಗತದ, ದನದ್ದ ಅಲ್ಲ."

ಅವರ ಮಾತು ಅಕ್ಷರಶಃ ಸರಿ. ಕಣ ಒಡೆದ ರಕ್ತದಲ್ಲಿ ಎಚ್‌ಎಸ್‌ಪಿ 70 ಸುಳ್ಳೇ ಹೆಚ್ಚಾಗಿ ತೋರುತ್ತದೆ. ಹಾಗಾಗದಿರಲು ರಕ್ತ ತೆಗೆದ ಜಾಗದಲ್ಲೇ, ಹಟ್ಟಿಯ ಪಕ್ಕದಲ್ಲೇ, ಅದು ಹೆಪ್ಪುಗಟ್ಟುವವರೆಗೆ ಅಲುಗಿಸದೆ ಇಟ್ಟು, ಚಿಕ್ಕ ಸೆಂಟ್ರಿಫ್ಯೂಜ್ ತಿರುಗಿಸಿ ಸೀರಂ ಬೇರೆ ಮಾಡಬೇಕು. ಕೂಡಲೇ ತಣ್ಣಗಿಡಬೇಕು. ತಟ್ಟೆ ಮತ್ತು ಪ್ರತಿಕಾಯಗಳಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು. ಕೂಡಿಟ್ಟ ಸೀರಂ ಮೈನಸ್ 20 ಅಥವಾ ಇನ್ನೂ ಕೆಳಗೆ ಇರಬೇಕು, ಪದೇಪದೇ ಕರಗಿಸಿ ಹೆಪ್ಪುಗಟ್ಟಿಸಬಾರದು. ಬಿಸಿಲಿನ ಪ್ರೋಟೀನನ್ನು ಅಳೆಯುವ ಪ್ರತಿಕಾಯವೂ ಒಂದು ಪ್ರೋಟೀನೇ; ಬಿಸಿಲಿಗೆ ಅದರ ಮಡಿಕೆಯೂ ಬಿಚ್ಚುತ್ತದೆ. ಮೇ ತಿಂಗಳಲ್ಲಿ ಕರೆಂಟು ಹೋಗುವ ತಾಸುಗಳನ್ನು ನೆನೆದರೆ ಈ ಶೀತಸರಪಳಿ ಎಷ್ಟು ಜೋಪಾನದ ಕೆಲಸವೆಂದು ತಿಳಿಯುತ್ತದೆ. ಆದರೆ ಆಗದ ಕೆಲಸವಲ್ಲ. ಲಸಿಕೆಗಳನ್ನು ಇದೇ ರಸ್ತೆಗಳ ಮೇಲೆ, ಇದೇ ತಂಪಿನಲ್ಲಿ, ಹಳ್ಳಿ ಹಳ್ಳಿಗೂ ದಶಕಗಳಿಂದ ಮುಟ್ಟಿಸುತ್ತಿದ್ದೇವೆ. ಪಶು ಆಸ್ಪತ್ರೆಗಳಲ್ಲೂ ಲಸಿಕೆಯ ಫ್ರಿಜ್ಜುಗಳಿವೆ. ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ ಕೆಎಲ್‌ಇ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರವಿದೆ. ಎಲೈಸಾ ಓದುವ ಯಂತ್ರ ಬೆಳಗಾವಿಯಲ್ಲಿದೆ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಬಿಡಿಬಿಡಿಯಾಗಿ ಎಲ್ಲವೂ ಇವೆ, ಕೂಡಿಸುವ ಕೆಲಸ ಬಾಕಿ ಇದೆ.

ರಾಮದುರ್ಗಕ್ಕೆ ಬಂದಾಗ ಉರಿಬಿಸಿಲು. ಊರಲ್ಲಿ ಮಗ್ಗಗಳ ಸದ್ದು ಕೇಳುತ್ತಿತ್ತು. ತಗಡಿನ ಕೆಳಗೆ ನೇಯುವವರ ಬಿಸಿಲು ಇನ್ನೊಂದು ಬರಹಕ್ಕೆ ಆಗುವಷ್ಟಿದೆ. ನಾನು ಸುರೇಬಾನದ ದಿಕ್ಕಿಗೆ, ಕಟಾವು ಮುಗಿದು ಬೋಳಾದ ಹೊಲಗಳ ಕಡೆ ಹೋದೆ. ಹೊಲದ ನಡುವೆ ಕರಿ ಕುರಿಗಳ ಹಿಂಡು ನಿಂತಿತ್ತು. ನಿಂತದ್ದು ಹೇಗೆಂದರೆ, ಒಂದು ಕುರಿಯೂ ತಲೆ ಎತ್ತಿರಲಿಲ್ಲ. ಒಂದರ ಹೊಟ್ಟೆಯ ಕೆಳಗಿನ ನೆರಳಿಗೆ ಇನ್ನೊಂದು ತಲೆ ತೂರಿಸಿ, ಇಡೀ ಹಿಂಡು ಉಂಡೆಯಾಗಿತ್ತು. ಅಂಚಿನಲ್ಲಿ ಒಂದು ಟಗರು ಮಾತ್ರ ಬೇರೆಯಾಗಿ, ಕಂಟಿಯ ಎಲೆ ಹರಿಯುತ್ತಿತ್ತು.

ಹೆಗಲ ಮೇಲೆ ಕಂಬಳಿ ಹೊದ್ದ ಕುರಿಗಾರ ಕಾಕಾ ಬೇವಿನ ಗಿಡದ ಕೆಳಗಿದ್ದರು. ಈ ಬಿಸಿಲಿನಲ್ಲಿ ಕಂಬಳಿ ಯಾಕೆಂದು ಕೇಳಲಿಲ್ಲ. ಬಿಸಿಲನ್ನೂ ತಡೆಯುವ ಬಟ್ಟೆ ಅದು, ಕುರಿಗಾರರಿಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರಬೇಕಿತ್ತು.

"ಆ ಟಗರು ಯಾಕ ಬ್ಯಾರೆ ನಿಂತೈತ್ರಿ ಕಾಕಾ?"

"ಅದರವ್ವನೂ ಹಂಗ ಇದ್ಲು ನೋಡ್ರಿ. ಎಂಥಾ ಬಿಸಲಿದ್ರೂ ಮೇಯೂದು ಬಿಡತಿರಲಿಲ್ಲ. ಅದಕ್ಕ ಈ ಮರಿನ ಬೀಜಕ್ಕ ಇಟ್ಕೊಂಡೀನಿ. ಮಾರಂಗಿಲ್ಲ."

ಬೀಜದ ಟಗರನ್ನು ಆರಿಸುವ ಈ ಪರೀಕ್ಷೆಗೆ ನಡುಮಧ್ಯಾಹ್ನವೇ ಪ್ರಯೋಗಾಲಯ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯವರು ಉಸ್ಮಾನಾಬಾದಿ, ಮಲಬಾರಿ, ಸೇಲಂ ಬ್ಲ್ಯಾಕ್ ಎಂಬ ಮೂರು ಮೇಕೆ ತಳಿಗಳನ್ನು ಬಿಸಿಲಿಗೆ ಬಿಟ್ಟು ಕೇಳಿದ್ದೂ ಇದೇ ಪ್ರಶ್ನೆಯನ್ನು. ಉಸಿರಾಟದ ವೇಗ, ಮೈಕಾವು, ರಕ್ತಕಣಗಳಲ್ಲಿ ಎಚ್‌ಎಸ್‌ಪಿ 70 ಇವನ್ನು ಒಟ್ಟಿಗಿಟ್ಟು ನೋಡಿದಾಗ ಸೇಲಂ ಬ್ಲ್ಯಾಕ್ ಮೇಕೆ ಬಿಸಿಲಿಗೆ ಹೆಚ್ಚು ಹೊಂದಿಕೊಂಡದ್ದೆಂದು ಕಂಡಿತು. ಅದು 2018ರಲ್ಲಿ ಪ್ರಕಟವಾಯಿತು. ಅವರು ನೋಡಿದ್ದು ಜೀನು ಹೊರಡಿಸುವ ಸಂದೇಶವನ್ನು, ಆರ್‌ಎನ್‌ಎಯನ್ನು. ಎಲೈಸಾ ನೋಡುವುದು ತಯಾರಾಗಿ ಬಂದ ಪ್ರೋಟೀನನ್ನು. ಸಂದೇಶ ಹೋದಷ್ಟೇ ಪ್ರೋಟೀನು ಬರಬೇಕೆಂದಿಲ್ಲ. ಆದ್ದರಿಂದ ಎರಡೂ ಬೇಕು, ಮತ್ತು ಕಾಕಾನ ಟಗರಿನ ಜಾತಿಯಲ್ಲಿ ಎರಡೂ ಬೇಕು. ದಖ್ಖನಿ ಕುರಿ ನಡೆದೂ ನಡೆದೂ, ಬರದಲ್ಲಿ ಬದುಕಿ ಬಂದ ತಳಿ. ಮಾಂಸ ಹೆಚ್ಚು ಬರಲೆಂದು ಬೇರೆ ತಳಿಯ ಟಗರು ತಂದು ಕೂಡಿಸುವ ಅವಸರದಲ್ಲಿ ಬಿಸಿಲು ತಾಳುವ ಗುಣ ಯಾವ ಹಿಂಡಿನಲ್ಲಿ ಎಷ್ಟಿತ್ತೆಂದು ಬರೆದಿಟ್ಟುಕೊಳ್ಳದೇ ಅದನ್ನು ಕಳೆದುಕೊಳ್ಳುವ ಅಪಾಯ ಇದೆ.

ಕಿಟ್ಟು ಮನುಷ್ಯರಿಗೆಂದು ಮಾಡಿದ್ದಾದರೆ ಕುರಿಗೆ ಹಾಗೇ ಒಗ್ಗುತ್ತದೆಂದು ನಂಬಬಾರದು. ಈ ಪ್ರೋಟೀನು ಪ್ರಾಣಿ ಪ್ರಾಣಿಗೂ ಬಹಳ ಹೋಲುವುದರಿಂದ ಪ್ರತಿಕಾಯ ಹಿಡಿಯಲೂಬಹುದು. ಅದೇ ಹೋಲಿಕೆಯಿಂದ, ಬಿಸಿಲಿಲ್ಲದಾಗಲೂ ಕೋಶದಲ್ಲಿರುವ ಇದರ ಸೋದರ ಪ್ರೋಟೀನನ್ನು ಹಿಡಿದು ದಾರಿ ತಪ್ಪಿಸಲೂಬಹುದು. ಮೊದಲು ಕುರಿಯ ಸೀರಂಗೆ ಗೊತ್ತಿರುವ ಪ್ರಮಾಣದ ಪ್ರೋಟೀನು ಬೆರೆಸಿ, ಅಷ್ಟೇ ವಾಪಸು ಓದುತ್ತದೆಯೇ ಎಂದು ನೋಡಿಕೊಳ್ಳಬೇಕು. ಇದು ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನದೆಲ್ಲ ಗಾಳಿಮಾತು.

ಅದಾದ ಮೇಲೆ ಒಂದೇ ಒಂದು ತಟ್ಟೆಯಲ್ಲಿ ಶುರುಮಾಡಬಹುದು. 96 ಕುಳಿಗಳಲ್ಲಿ ಪ್ರಮಾಣ ಗೊತ್ತಿರುವ ಸಾಲಿಗೆ, ಖಾಲಿ ಕುಳಿಯೂ ಸೇರಿ ಎರಡೆರಡರಂತೆ, 16 ಹೋದರೆ 80 ಉಳಿಯುತ್ತವೆ. ಪ್ರತಿ ಸೀರಂ ಎರಡು ಕುಳಿಯಲ್ಲಿ ಹಾಕಿದರೆ 40 ಮಾದರಿ. ಬೆಳಿಗ್ಗೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ ರಕ್ತ ತೆಗೆದರೆ 20 ಕುರಿ. ತಾಲೂಕಿಗೆ ಐದು: ಕಿತ್ತೂರಿನ ಐದು, ಬೈಲಹೊಂಗಲದ ಐದು, ಸವದತ್ತಿಯ ಐದು, ರಾಮದುರ್ಗದ ಐದು. ಒಂದೇ ವಯಸ್ಸಿನ, ಗಬ್ಬವಿಲ್ಲದ ಹೆಣ್ಣುಕುರಿ. ಮೇ ತಿಂಗಳಲ್ಲಿ ಒಂದು ತಟ್ಟೆ, ಶ್ರಾವಣದಲ್ಲಿ ಇನ್ನೊಂದು. ಜೊತೆಗೆ ಗುದದ ಉಷ್ಣತೆ, ನಿಮಿಷಕ್ಕೆ ಎಷ್ಟು ಉಸಿರು, ಆ ಹೊತ್ತಿನ ಗಾಳಿಯ ಕಾವು ಮತ್ತು ತೇವ. ಎರಡು ತಟ್ಟೆಯಿಂದ ಯಾವ ತೀರ್ಮಾನವೂ ಆಗದು, ಆದರೆ ಪಶ್ಚಿಮದಿಂದ ಪೂರ್ವಕ್ಕೆ ಏರುವ ಈ ಬಿಸಿಲಿನ ಜಾಡು ರಕ್ತದಲ್ಲೂ ಇದೆಯೇ ಎಂಬ ಮೊದಲ ಸುಳಿವು ಸಿಗುತ್ತದೆ.

ಕಾಕಾನಿಗೆ ಇದನ್ನೆಲ್ಲ ವಿವರಿಸಿದೆ. ರಕ್ತ ತೆಗೆಯುವುದಕ್ಕೆ ಅವರ ತಕರಾರಿರಲಿಲ್ಲ. ಹಿರೇಬ್ಯಾನಿಯ ತಪಾಸಣೆಗೆಂದು ಇಲಾಖೆಯವರು ಹಿಂದೆ ಕೊರಳಿನಿಂದ ರಕ್ತ ತೆಗೆದದ್ದನ್ನು ಅವರು ಕಂಡಿದ್ದರು. ಒಂದೇ ಕರಾರು ಹಾಕಿದರು. ಬಂದವರು ಹಿಂಡಿನೊಳಗೆ ನುಗ್ಗಿ ಕುರಿಯನ್ನು ಬೆನ್ನಟ್ಟಬಾರದು, ತಾವೇ ಹೆಸರು ಹಿಡಿದು ಕರೆದು, ಕಾಲು ಹಿಡಿದು ನಿಲ್ಲಿಸಿ ಕೊಡುತ್ತಾರಂತೆ. ಓಡಿದ ಕುರಿಯ ರಕ್ತ ಬೇರೆ ಇರುತ್ತದೆ ಎಂದರು. ಮಾದರಿ ತೆಗೆಯುವ ವಿಧಾನದಲ್ಲಿ ಅದನ್ನೇ ಮೊದಲ ಸಾಲಾಗಿ ಬರೆದುಕೊಂಡೆ.